ಬೇಡವೆಂದವರ ಬಿನ್ನವತ್ತಳೆ

ಆ ಸಿನಿಮಾ ವಿಮರ್ಶಕರ ಸಂಘದಲ್ಲಿ ಒಂದು ವಿಚಿತ್ರ ಪದ್ಧತಿ ಇತ್ತು. ವರ್ಷದ ಅತ್ಯುತ್ತಮ ಚಿತ್ರಕ್ಕೆ ಪ್ರಶಸ್ತಿ ಕೊಡುವಾಗ ವೇದಿಕೆಯ ಮೇಲೆ ನಿಂತು ಬಿನ್ನವತ್ತಳೆ ಓದಬೇಕಾದವರು, ಆ ಚಿತ್ರ ಬೇಡವೆಂದು ಮತ ಹಾಕಿದವರು. ಬರೆಯಬೇಕಾದವರೂ ಅವರೇ. ಹಿಡಿಸಿದವರು ಹೊಗಳಿದರೆ ಏನು ಬಂತು, ಹಿಡಿಸದವರ ಬಾಯಿಂದ ನಾಲ್ಕು ಒಳ್ಳೆಯ ಮಾತು ಬಂದರೆ ಅದಕ್ಕೊಂದು ತೂಕ ಎಂಬುದು ಸಂಘ ಕಟ್ಟಿದ ಹಿರಿಯರ ಲೆಕ್ಕಾಚಾರ. ಲೆಕ್ಕಾಚಾರವೇನೋ ಚೆನ್ನಾಗಿಯೇ ಇತ್ತು, ಅನುಭವಿಸುವವರ ಪಾಡು ಯಾರಿಗೆ ಬೇಕು?

ಈ ವರ್ಷ ಬೇಡವೆಂದವಳು ಒಬ್ಬಳೇ, ಕೊಕ್ಕೆ. ಸಂಘದಲ್ಲಿ ಅವಳಿಗೆ ಅದೇ ಹೆಸರು, ಬೆನ್ನ ಹಿಂದೆಯೂ ಅದೇ, ಎದುರಿಗೂ ಅದೇ. ಎಂಥ ಸಿನಿಮಾ ತೋರಿಸಿದರೂ ಒಂದು ಕೊಕ್ಕೆ ತೆಗೆಯದೆ ಬಿಟ್ಟವಳಲ್ಲ. ಆ ಹೆಸರನ್ನು ಅವಳು ಬಿರುದಿನಂತೆ ಹೊತ್ತು ತಿರುಗುತ್ತಿದ್ದಳು. ಇನ್ನು ಗೆದ್ದ ಚಿತ್ರದ ನಿರ್ದೇಶಕ ಯಾರೋ ಮೂರನೆಯವನಲ್ಲ, ಅವಳ ಒಡಹುಟ್ಟಿದ ತಮ್ಮ.

ಚಿತ್ರ ಬಿಡುಗಡೆಯಾದ ವಾರವೇ ಅವಳು ಪತ್ರಿಕೆಯಲ್ಲಿ ಬರೆದಿದ್ದಳು, "ಮೊದಲರ್ಧವನ್ನು ಹೆತ್ತವರೇ ಬೇರೆ, ಉಳಿದರ್ಧವನ್ನು ಸಾಕಿದವರೇ ಬೇರೆ ಅನ್ನಿಸುತ್ತದೆ" ಎಂದು. ಓದಿದವರು ನಕ್ಕರು. ತಮ್ಮ ನಗಲಿಲ್ಲ. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟ. ಸ್ವಂತ ತಮ್ಮನ ಚಿತ್ರಕ್ಕೆ ಹೀಗೆ ಬರೆಯುವುದೇ ಎಂದು ಕೇಳಿದವರಿಗೆ ಅವಳ ಉತ್ತರ ಸಿದ್ಧವಾಗಿತ್ತು: "ಊರವರ ಮಕ್ಕಳಿಗೆಲ್ಲ ಬರೀತೀನಿ. ನಮ್ಮನೆ ಹುಡುಗನಿಗೆ ಮಾತ್ರ ರಿಯಾಯಿತಿನಾ?"

ಅಮ್ಮನಿಗೆ ಮಾತ್ರ ಈ ಉತ್ತರ ನಡೆಯಲಿಲ್ಲ. "ಯಥಾರ್ಥವಾದಿ ಲೋಕವಿರೋಧಿ ಅಂತಾರೆ. ನಿನಗೆ ಲೋಕದ ತನಕ ಹೋಗೋ ಕಷ್ಟವೇ ಇಲ್ಲ, ಮನೆಯಲ್ಲೇ ಮುಗಿಸ್ಕೊಂಡ್ಯಲ್ಲ" ಎಂದಳು.

ಸಂಘದ ಕಚೇರಿ ಚಪ್ಪಲಿ ಅಂಗಡಿಯ ಮಾಳಿಗೆಯ ಮೇಲಿತ್ತು. ಅಧ್ಯಕ್ಷರು ಅವಳನ್ನು ಅಲ್ಲಿಗೆ ಕರೆಸಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು. "ನೋಡಮ್ಮ, ಸಮಾರಂಭದ ದಿನ ನಿನಗೊಂದು ಜ್ವರ ಬರಲಿ. ಬಿನ್ನವತ್ತಳೆ ನಾನು ಓದ್ತೀನಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು."

"ಜ್ವರ ಕೂಡ ನನ್ನ ಹತ್ರ ಬರೋ ಮುಂಚೆ ಕೇಳಿ ಬರುತ್ತೆ ಸಾರ್."

"ಹಾಗಾದ್ರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನಾದ್ರೂ ಬರೆದುಬಿಡು. ಮನಮುಟ್ಟುವ, ಹೃದಯಸ್ಪರ್ಶಿ, ಅಂತ."

"ಸುಳ್ಳು ಬರೆದ್ರೆ ಮೊದಲು ಗೊತ್ತಾಗೋದೇ ಅವನಿಗೆ. ಚಿಕ್ಕಂದಿನಿಂದ ನನ್ನ ಬಾಯಿ ನೋಡ್ಕೊಂಡೇ ಬೆಳೆದವನು."

ಹೀಗೆಂದು ಮೆಟ್ಟಿಲು ಇಳಿದಳೇನೋ ಸರಿ, ಕೆಳಗೆ ಬರುವಷ್ಟರಲ್ಲಿ ಯೋಚನೆ ಹತ್ತಿಕೊಂಡಿತ್ತು. ಅವನು ವೇದಿಕೆಗೇ ಬರದಿದ್ದರೆ? ಬಂದು, ಪ್ರಶಸ್ತಿಯನ್ನು ಅಧ್ಯಕ್ಷರ ಕೈಯಿಂದ ಇಸಿದುಕೊಂಡು, ಅವಳತ್ತ ತಿರುಗಿಯೂ ನೋಡದೆ ಇಳಿದು ಹೋದರೆ? ಮೊದಲೆಲ್ಲ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಫೋನು ಮಾಡಿ, "ಅಕ್ಕಾ, ಒಂದು ಎಳೆ ಹೊಳೀತು ಕೇಳು" ಎಂದು ಶುರು ಮಾಡುತ್ತಿದ್ದ. ಅವಳು ಬಾಯಲ್ಲಿ ನೊರೆ ಇಟ್ಟುಕೊಂಡೇ ಬೇಡ ಎನ್ನುತ್ತಿದ್ದಳು. ಈಗ ಆ ಹೊತ್ತಿನಲ್ಲಿ ಬೇಡ ಎನ್ನಲೂ ಯಾರೂ ಇಲ್ಲ. ಬರೆದದ್ದರ ಬಗ್ಗೆ ಅವಳಿಗೆ ಒಂದಿಷ್ಟೂ ಪಶ್ಚಾತ್ತಾಪವಿರಲಿಲ್ಲ, ಆದರೆ ತಮ್ಮ ಬೇಕಾಗಿದ್ದ.

ಮಾರನೆಯ ದಿನ ಮಧ್ಯಾಹ್ನದ ಆಟಕ್ಕೆ ಟಿಕೆಟ್ ಕೊಂಡು ಮತ್ತೆ ಚಿತ್ರ ನೋಡಿದಳು. ಹಿಡಿಸದ್ದು ಈ ಸಲವೂ ಹಿಡಿಸಲಿಲ್ಲ. ಹಿಡಿಸಿದ್ದು ಮಾತ್ರ ಮೊದಲಿಗಿಂತ ಹೆಚ್ಚು ಹಿಡಿಸಿತು. ಮನೆಗೆ ಬಂದವಳೇ ಒಂದೇ ಪಟ್ಟಿಗೆ ಕುಳಿತು ಬರೆದು ಮುಗಿಸಿದಳು. ಹೊಡೆದುಹಾಕಬೇಕಾದ ಒಂದು ಪದವೂ ಕಾಣಲಿಲ್ಲ.

ಸಮಾರಂಭದ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ಚಿತ್ರದ ನಿರ್ಮಾಪಕರು. ತಮ್ಮ ವೇದಿಕೆಗೆ ಬಂದ, ಅವಳ ಪಕ್ಕದಲ್ಲೇ ನಿಂತ, ನೆಲ ನೋಡಿದ. ಕೊಕ್ಕೆ ಗಂಟಲು ಸರಿಮಾಡಿಕೊಂಡು ಓದಿದಳು.

"ಈ ಚಿತ್ರ ಬೇಡವೆಂದವಳು ನಾನು. ಇವತ್ತು ಕೇಳಿದರೂ ಬೇಡವೆಂದೇ ಹೇಳುತ್ತೇನೆ."

ಅಧ್ಯಕ್ಷರು ಹಣೆ ಒತ್ತಿಕೊಂಡರು.

"ಆದರೆ ಇದರಲ್ಲೊಂದು ದೃಶ್ಯವಿದೆ. ಮುನಿಸಿಕೊಂಡ ಇಬ್ಬರು ಗೆಳೆಯರಲ್ಲಿ ಒಬ್ಬ ದರ್ಜಿ. ಇನ್ನೊಬ್ಬ, ತನ್ನ ಮಗಳ ಮದುವೆಗೆ ಕೋಟು ಹೊಲಿಸಲು ಅವನಲ್ಲಿಗೇ ಬರಬೇಕಾಗುತ್ತದೆ. ದರ್ಜಿ ಅಳತೆ ತೆಗೆಯುತ್ತಾನೆ. ಒಂದೇ ಒಂದು ಮಾತಿಲ್ಲ. ಟೇಪು ಕುತ್ತಿಗೆ ಸುತ್ತಿದಾಗ ಇಬ್ಬರೂ ಉಸಿರು ಬಿಗಿ ಹಿಡಿಯುತ್ತಾರೆ. ಇಂಥ ದೃಶ್ಯ ತೆಗೆಯಬಲ್ಲ ಇನ್ನೊಬ್ಬ ನಿರ್ದೇಶಕನನ್ನು ನಾನು ಕಂಡಿಲ್ಲ. ಅವನು ನನ್ನ ತಮ್ಮ ಅಂತ ಈ ಮಾತು ಹೇಳುತ್ತಿಲ್ಲ. ಆದರೆ ನನ್ನ ತಮ್ಮ ಅಂತ ಹೇಳಿಕೊಳ್ಳಲು ನನಗೆ ಬಲು ಹೆಮ್ಮೆ."

ಚಪ್ಪಾಳೆ ಬಿತ್ತು. ಅವಳು ಪ್ರಶಸ್ತಿ ಫಲಕ ಎತ್ತಿ ಕೊಟ್ಟಳು. ಅವನು ಹಿಡಿದುಕೊಂಡ, ಆದರೆ ಇಳಿಯಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ. ಇಬ್ಬರ ನಡುವೆ ಮೈಕು ಇನ್ನೂ ಜೀವಂತವಾಗಿತ್ತು ಎಂಬುದು ಅವರಿಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಾಯಿತು.

"ಅಕ್ಕಾ, ಎಲ್ಲಿಂದ ಕೆಟ್ಟಿತು?"

"ದರ್ಜಿ ಆಸ್ಪತ್ರೆ ಸೇರಿದ ಮೇಲೆ."

"ನನಗೂ ಅಲ್ಲೇ ಅನುಮಾನ ಇತ್ತು. ಆಸ್ಪತ್ರೆ ಬೇಕೇ ಬೇಕು ಅಂತ ನಿರ್ಮಾಪಕರು ಪಟ್ಟು ಹಿಡಿದ್ರು."

ಮುಂದಿನ ಸಾಲಿನಲ್ಲಿ ನಿರ್ಮಾಪಕರು ಕಾಲು ಬದಲಿಸಿ ಕುಳಿತರು. ಸಭೆ ಗೊಳ್ಳೆಂದಿತು. ಅಕ್ಕತಮ್ಮಂದಿರಿಗೆ ಅದು ಕಿವಿಗೇ ಬೀಳಲಿಲ್ಲ.

"ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತೋ ನಿನಗೆ?"

"ಕೇಳಿದ್ರೆ ಬೇಡ ಅಂತಿದ್ದೆ. ಈ ಒಂದ್ಸಲ, ಎಲ್ಲರ ಜೊತೆ ಕೂತು ನೋಡಿ, ಚೆನ್ನಾಗಿದೆ ಕಣೋ ಅಂತ ನಿನ್ನ ಬಾಯಲ್ಲಿ ಕೇಳೋ ಆಸೆ ಇತ್ತು. ಅದಕ್ಕೇ ನಿನಗೆ ತೋರಿಸದೇನೇ ಬಿಡುಗಡೆ ಮಾಡಿಬಿಟ್ಟೆ."

ಸಭೆಯ ನಗು ನಿಂತಿತು. ಕೊಕ್ಕೆ ತಮ್ಮನ ಭುಜ ಹಿಡಿದುಕೊಂಡಳು.

"ಚೆನ್ನಾಗಿದೆ ಕಣೋ," ಎಂದಳು. "ಅರ್ಧ."