ಪರದೆ ರುದ್ರಸ್ವಾಮಿಯ ಕೊನೆಯ ಅಧ್ಯಾಯ

ಕೊಳ್ಳೇಗಾಲದ ಹೈಸ್ಕೂಲಿನ ಕನ್ನಡ ಮೇಷ್ಟ್ರು ಸದಾಶಿವಪ್ಪನವರಿಗೆ ಅಳು ಬರಲಿಲ್ಲ. ಕಥೆ ಇಷ್ಟೇ ನೋಡಿ. ಆದರೆ ಈ ಇಷ್ಟೇ ಅನ್ನುವುದು ಆ ಮನುಷ್ಯನನ್ನು ಹುರಿದು ಮುಕ್ಕಿತು.

ಅದು ಅರವತ್ತೆಂಟನೇ ಇಸವಿ. ಮೈಸೂರಿನ ಪ್ರಕಾಶಕರೊಬ್ಬರು ಕಲಾವಿದರ ಬದುಕಿನ ಬಗ್ಗೆ ಸಾಲಾಗಿ ಪುಸ್ತಕ ತರುತ್ತಿದ್ದರು. ಹಾಡುವವರ ಮೇಲೆ ಆಯಿತು, ಕುಣಿಯುವವರ ಮೇಲೆ ಆಯಿತು, ನಾಟಕದ ಪರದೆ ಬರೆಯುವವನು ಏನು ಪಾಪ ಮಾಡಿದ್ದಾನೆ ಎಂದು ನಮ್ಮ ಮೇಷ್ಟ್ರು ಜಗಳವಾಡಿ ಒಪ್ಪಿಸಿದರು. ಕೌದಳ್ಳಿಯ ರುದ್ರಸ್ವಾಮಿ ನಲವತ್ತು ವರ್ಷ ಈರೋಡು, ಸೇಲಂ, ಮೈಸೂರು ಅಂತ ಕಂಪನಿಗಳ ಹಿಂದೆ ತಿರುಗಿ ಅರಮನೆ, ಕಾಡು, ಸ್ಮಶಾನ ಬರೆದ ಮುದುಕ. ಎರಡು ವರ್ಷ, ಪ್ರತಿ ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಮೇಷ್ಟ್ರು ಹನೂರಿನ ಮೇಲೆ ಹೋಗುವ ಬಸ್ಸು ಹಿಡಿದರು. ಮುದುಕ ಬಣ್ಣದ ಪುಡಿಗೆ ಅಂಟು ಕಾಯಿಸಿ ಕಲಸುತ್ತಾ ತನ್ನ ಬದುಕು ಹೇಳಿದ. ಮಗಳು ಚನ್ನಾಜಮ್ಮ ಮುದ್ದೆ, ಉಪ್ಸಾರು ಬಡಿಸಿದಳು.

ಪುಸ್ತಕಕ್ಕೆ ಎಲ್ಲ ಇತ್ತು, ಕೊನೆಯೊಂದು ಇರಲಿಲ್ಲ. ಎಲ್ಲಿಗೆ ನಿಲ್ಲಿಸುತ್ತೀರಿ, ಬೇಗ ಮುಗಿಸಿ ಎಂದು ಪ್ರಕಾಶಕರ ಕಾಗದದ ಮೇಲೆ ಕಾಗದ. ಮುದುಕ ಒಂದು ವೇಳೆ ಹೋಗಿಬಿಟ್ಟರೆ ಎಂಬ ಯೋಚನೆ ಒಂದು ದಿನ ಮೇಷ್ಟ್ರ ತಲೆಯಲ್ಲಿ ಸುಳಿಯಿತು. ಛೀ, ಎಂಥ ಹಾಳು ಬುದ್ಧಿ ಎಂದು ಕೆನ್ನೆ ಬಡಿದುಕೊಂಡರು. ಬಡಿದುಕೊಂಡರೆ ಸುಳಿದದ್ದು ಸುಳಿಯದ ಹಾಗೆ ಆಗುತ್ತದೆಯೇ?

ಒಂದು ಬುಧವಾರ ಮೂಲೆಗೆ ಮಸಿ ಬಳಿದ ಕಾರ್ಡು ಬಂತು. ಮಸಿ ಬಳಿದ ಕಾರ್ಡೆಂದರೆ ಸಾವು, ಯಾರೂ ಬಿಡಿಸಿ ಹೇಳಬೇಕಿಲ್ಲ. 'ನಮ್ಮ ಅಪ್ಪಾಜಿ ಸೋಮವಾರ ಲಿಂಗೈಕ್ಯರಾದರು. ಚನ್ನಾಜಮ್ಮ.' ಮೇಷ್ಟ್ರು "ಅಯ್ಯೋ ಶಿವನೇ" ಎಂದರು. ಎರಡು ಸಲ ಓದಿದರು. ಕಣ್ಣು ಒಣಗಿಯೇ ಇತ್ತು. ಆಮೇಲೆ, ಹೇಳಲು ನನಗೇ ನಾಚಿಕೆಯಾಗುತ್ತದೆ, ಪೆನ್ನಿಗೆ ಇಂಕು ತುಂಬಿಕೊಂಡು ಕೂತರು.

ಎರಡು ದಿನ ರಜಾ ಹಾಕಿ ಬರೆದರು. ಮುದುಕ ಹೇಗೆ ಸತ್ತನೆಂದು ಯಾರನ್ನೂ ಕೇಳಲಿಲ್ಲ. ಕಾಡಿನ ಪರದೆ ಬರೆಯುತ್ತಾ ಕೂತವನು ಕೊನೆಯ ಮರದ ಬುಡದಲ್ಲಿ ಕುಂಚ ಇಟ್ಟು, ಎದ್ದು, ಆ ಕಾಡಿನೊಳಗೇ ನಡೆದುಹೋದ ಹಾಗೆ ಬರೆದರು. ಅಷ್ಟು ಚೆಂದದ ಪುಟಗಳನ್ನು ಅವರು ಜನ್ಮದಲ್ಲಿ ಬರೆದಿರಲಿಲ್ಲ.

ಶನಿವಾರ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು, ಮಗಳನ್ನು ಮಾತಾಡಿಸಿ ಬರೋಣ ಎಂದು ಕೌದಳ್ಳಿಗೆ ಹೋದರೆ, ರುದ್ರಸ್ವಾಮಿ ಜಗುಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾನೆ!

"ಬನ್ನಿ ಸಾ. ದೆವ್ವ ಅಲ್ಲ ಕಣ್ರಿ, ನಾನೇಯ," ಎಂದ ಮುದುಕ. "ನಿಜ ಬರ್ದಿದ್ದ ಎಲ್ಡ್ನೇ ಕಾರ್ಡು ಬರ್ನಿಲ್ವಾ?"

ಚನ್ನಾಜಮ್ಮ ಓಡಿಬಂದಳು. "ತಪ್ಪು ತಿಳ್ಕಬ್ಯಾಡಿ ಸಾ. ಭಾನ್ವಾರ ಅಪ್ಪಾಜಿ ಪರದೆ ಒಣಗಾಕ್ತಾ ಇದ್ರು, ಕಾಗೆ ಬಂದು ತಲೆಗೆ ಒಡೀತು. ಗಂಡಾಂತ್ರ ಅಲ್ವಾ? ಅದ್ಕೇ ಸತ್ತೋದ್ರು ಅಂತ ನಾಕು ಜನಕ್ಕೆ ಕಾರ್ಡಾಕುದ್ವಿ."

ಮೇಷ್ಟ್ರಿಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ಅವರ ಅಜ್ಜಿಯೂ ಒಮ್ಮೆ ಹೀಗೆ 'ಸತ್ತಿದ್ದರು'. ಸುಳ್ಳು ಸುದ್ದಿಗೆ ಬೇಕಾದವರು ನಿಜವಾಗಿ ಅತ್ತರೆ, ಬಂದ ಸಾವು ಆ ಕಣ್ಣೀರು ಕಂಡು ಕೆಲಸ ಮುಗಿಯಿತೆಂದು ಹಿಂದಕ್ಕೆ ಹೋಗುತ್ತದೆ. ಕಾರ್ಡು ಕೈಗೆ ಬಂದಾಗಲೇ ಇದು ನೆನಪಾಗಬೇಕಿತ್ತು. ನೆನಪಾಗುವುದು ಅವರಿಗೆ ಬೇಕಿರಲಿಲ್ಲ.

"ಯಳಂದೂರಿನ ಸೋದರತ್ತೆ ಬಾಯ್ ಬಡ್ಕಂಡು ಓಡ್ಬಂದ್ರು. ಹನೂರಿನ ಇಬ್ರು ಶಿಷ್ಯರೂ ಅತ್ತವ್ರೆ. ನಾಕ್ನೇಯೋರು ನೀವು," ಎಂದಳು ಚನ್ನಾಜಮ್ಮ. "ಅತ್ರಾ ಸಾ? ಅಳು ಬರ್ನಿಲ್ಲ ಅಂದ್ರೆ ಅಂದ್ಬುಡಿ, ಬ್ಯಾಸ್ರ ಇಲ್ಲ. ಇನ್ನೊಬ್ರಿಗೆ ಕಾರ್ಡಾಕ್ತೀವಿ. ನಾಕು ಜನದ ಕಣ್ಣೀರು ಆಗ್ಲೇಬೇಕು."

ಹೇಳಿಬಿಡಬಹುದಿತ್ತು. ಒಂದು ಕಾರ್ಡಿನಲ್ಲಿ ಮುಗಿಯುವ ಮಾತು. ಆದರೆ ಎರಡು ವರ್ಷ ಉಂಡ ಮನೆಯ ಜಗುಲಿಯ ಮೇಲೆ ನಿಂತು, ನಿಮ್ಮಪ್ಪ ಸತ್ತನೆಂದರೆ ನನಗೆ ಅಳು ಬರಲಿಲ್ಲ ತಾಯಿ ಅನ್ನುವುದು ಹೇಗೆ?

"ಅತ್ತೆ ಕಣಮ್ಮ," ಎಂದರು ಮೇಷ್ಟ್ರು. "ತುಂಬಾ ಅತ್ತೆ."

ಮುದುಕನ ಕಣ್ಣು ಚೀಲದ ಮೇಲೆ ಬಿತ್ತು. ಬಿಡಲಿಲ್ಲ, ಓದಿಸಿದ. ಕಣ್ಣು ಮುಚ್ಚಿಕೊಂಡು ತನ್ನ ಸಾವನ್ನು ಪೂರ್ತಿ ಕೇಳಿದ. ಆಮೇಲೆ ಮೇಷ್ಟ್ರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಏನ್ ಚೆಂದಾಗಿ ಸಾಯ್ಸಿದ್ದೀರಿ ಸಾ ನನ್ನ! ಅರ್ದಾಕ್ಬ್ಯಾಡಿ, ಇಟ್ಕಳಿ. ಬೇಕಾಯ್ತದೆ," ಎಂದು ನಕ್ಕ.

ಆ ಮೇಲಿನ ಶನಿವಾರಗಳಲ್ಲಿ ಮೇಷ್ಟ್ರು ಕೌದಳ್ಳಿಗೆ ಹೋಗಲಿಲ್ಲ. ಪರೀಕ್ಷೆಯ ಪೇಪರು ಅಂದರು, ಜ್ವರ ಅಂದರು. ಪೋಸ್ಟಿನವನ ಸೈಕಲ್ಲು ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹಾಡುಹಗಲೇ, ಪಾಠ ಮಾಡುತ್ತಿರುವಾಗ, ಕೊನೆಯ ಬೆಂಚಿನಲ್ಲಿ ಮುದುಕ ಕೂತಿರುತ್ತಿದ್ದ. ಕೈಗೆಲ್ಲ ಹಸಿ ಹಸಿರು ಬಣ್ಣ. "ಅತ್ರಾ ಸಾ?" ಅನ್ನುತ್ತಿದ್ದ. ಈಗಲಾದರೂ ಅತ್ತರೆ ಲೆಕ್ಕಕ್ಕೆ ಬಂದೀತೇನೋ ಎಂದು ಮೇಷ್ಟ್ರು ಹಿತ್ತಲಿನಲ್ಲಿ ಕೂತು ಈರುಳ್ಳಿ ಹೆಚ್ಚಿದರು. "ಇದ್ಯಾವಾಗಿಂದ ಅಡುಗೆ ಕೆಲಸ?" ಎಂದು ಹೆಂಡತಿ ಪುಟ್ಟಬಸಮ್ಮ ನಕ್ಕರು. ಕಣ್ಣೀರೇನೋ ಬಂತು. ಅಡುಗೆಯ ಕಣ್ಣೀರಿಗೆ ಯಾವ ಸಾವು ಮೋಸ ಹೋಗುತ್ತದೆ?

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹನೂರಿನ ಶಿಷ್ಯ ದೊಡ್ಡಮಾದಪ್ಪ ಸ್ಕೂಲಿನ ಬಾಗಿಲಿಗೆ ಬಂದು ನಿಂತ. "ಯಜಮಾನ್ರು ಓಗ್ಬುಟ್ರು ಸಾ," ಎಂದ.

ಮೇಷ್ಟ್ರಿಗೆ ಅಳು ಒತ್ತರಿಸಿ ಬಂತು. ಹುಡುಗರ ಮುಂದೆಯೇ ಗೋಳೋ ಎಂದು ಅತ್ತರು. ಅಳುತ್ತಲೇ ಬಸ್ಸು ಹತ್ತಿದರು. ಬೆಟ್ಟದ ಮಾದಪ್ಪಾ, ಇದೂ ಕಾಗೆಯದೇ ಆಗಿರಲಪ್ಪಾ, ಈ ಸಲ ನಿಜವಾಗಿ ಅಳುತ್ತಿದ್ದೇನೆ ನೋಡು ಎಂದು ದಾರಿಯುದ್ದಕ್ಕೂ ಬೇಡಿಕೊಂಡರು.

ರುದ್ರಸ್ವಾಮಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಮೂರು ದಿನದ ಜ್ವರವಂತೆ.

ಮೇಷ್ಟ್ರು ಚನ್ನಾಜಮ್ಮನ ಮುಂದೆ ಕುಸಿದು ಕೂತರು. "ಅವತ್ತು ನಾನು ಅಳಲಿಲ್ಲ ತಾಯಿ. ಸುಳ್ಳು ಹೇಳಿಬಿಟ್ಟೆ. ನೀವು ಇನ್ನೊಂದು ಕಾರ್ಡು ಹಾಕಬಹುದಿತ್ತು."

"ಗೊತ್ತು ಸಾ," ಎಂದಳು ಚನ್ನಾಜಮ್ಮ. ಅವಳ ದನಿಯಲ್ಲಿ ಕೋಪವಿರಲಿಲ್ಲ. "ನೀವು ಬಸ್ಸಿಗೆ ಓದ್ಮ್ಯಾಲೆ ಅಪ್ಪಾಜಿ ಅಂದ್ರು, ಮೇಷ್ಟ್ರು ಅತ್ತಿಲ್ಲ ಕಣವ್ವ, ಅತ್ತೋರ ಕೈಲಿ ಅಷ್ಟು ಚೆಂದಾಗಿ ಬರ್ಯಕ್ಕಾಗಲ್ಲ ಅಂತ. ನಾನು ಇನ್ನೊಂದು ಕಾರ್ಡು ತಕಂಡು ಬರ್ಯಕ್ಕೆ ಕೂತೆ. ಕೈಯಿಂದ ಕಿತ್ಕಂಡ್ರು."

"ಯಾಕಮ್ಮ?"

"ಐದ್ನೇ ಕಾರ್ಡಾಕುದ್ರೆ ಮೇಷ್ಟ್ರು ಸುಳ್ಳಾಡುದ್ರು ಅಂತ ಊರಿಗೆಲ್ಲ ಗೊತ್ತಾಯ್ತದೆ. ನಮ್ಮನೇಲಿ ಉಂಡೋರು, ಅವ್ರ ಮಾನ ಕಳೀಬ್ಯಾಡ ಬುಡವ್ವ ಅಂದ್ರು."