ಹನ್ನೆರಡು ಅಧಿಕಾರಿಗಳು ಹಿಡಿದ ಹಾಸು

ಗಾಳಿಯಂತ್ರದ ಕಂಪನಿಯ ಹನ್ನೆರಡು ಅಧಿಕಾರಿಗಳು ನಾಯಕತ್ವದ ತರಬೇತಿಗೆಂದು ಗಜೇಂದ್ರಗಡಕ್ಕೆ ಬಂದಿದ್ದರು. ಹೆಣ್ಣುಮಕ್ಕಳ ಹೊಸ ನೇಕಾರಿಕೆ ಕೇಂದ್ರಕ್ಕೆ ಕಂಪನಿ ನೂಲು ದಾನ ಕೊಟ್ಟಿತ್ತು. ಅದರ ಮೊದಲ ಹಾಸನ್ನು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಬೀದಿಯಲ್ಲಿ ಬಿಗಿದು ಹಿಡಿದು ಗಂಜಿ ಹಚ್ಚಿ ಒಣಗಿಸುವುದು ಇವರ ಕೆಲಸ. ಹಾಸು ಕೆಟ್ಟರೆ ಕೇಂದ್ರ ಶುರುವಾಗುವಂತಿರಲಿಲ್ಲ. ತಂಡದ ನಾಯಕಿ ಎಂಜಿನಿಯರ್ ನಮ್ರತಾ.

“ಬಿಗೀರಿ!” ಎಂದು ಆಕೆ ಕೂಗಿದಳು. ಆಕೆಯ ಹಿಂದೆಯೇ ಇನ್ನೂ ನಾಲ್ವರು ಅದನ್ನೇ ಕೂಗಿದರು. ಎಳೆಗಳು ಪಟಪಟನೆ ಹರಿದವು.

“ಸಾಹೇಬ್ರ, ಇದೇನ್ ಹಗ್ಗ ಜಗ್ಗೋ ಆಟ ಅಂತ ತಿಳದೀರೇನು?” ಗಂಜಿಯ ಕುಂಚ ಹಿಡಿದಿದ್ದ ಹಿರಿಯ ನೇಕಾರ್ತಿ ವೀರವ್ವ ಗದರಿದಳು.

ನಮ್ರತಾ ಹರಿದ ಎಳೆಗಳನ್ನು ಎಣಿಸಿದಳು: ಹದಿನೇಳು. ಕೂಗು ಕೇಳಿದವರು ಒಟ್ಟಿಗೆ ಜಗ್ಗದೆ ಒಬ್ಬರ ಹಿಂದೆ ಒಬ್ಬರು ಜಗ್ಗುತ್ತಿದ್ದರು. ತಪ್ಪು ಅಲ್ಲೇ ಇತ್ತು.

“ನೀವು ಹ್ಯಾಂಗ ಮಾಡ್ತೀರವ್ವಾ?”

“ಬಾಯಿ ಮುಚ್ಚಿ ಮಾಡ್ತೀವಿ, ತಂಗಿ. ಎಲ್ಲಾರ ಕಣ್ಣೂ ನನ್ನ ಕುಂಚದ ಮ್ಯಾಲೆ ಇರ್ಲಿ.”

ನಮ್ರತಾ ನಾಯಕಿಯ ಜಾಗ ಬಿಟ್ಟು ಬಂದು ಉಳಿದವರ ಜೊತೆ ಹಾಸಿನ ತುದಿಗೆ ಕಟ್ಟಿದ ಬಡಿಗೆ ಹಿಡಿದಳು. ವೀರವ್ವ ಹರಿದ ಎಳೆಗಳನ್ನು ಹೊಸೆದು ಕೂಡಿಸಿ, ಹಾಸಿನ ಉದ್ದಕ್ಕೂ ಗಂಜಿ ಹಚ್ಚುತ್ತ ಮೆಲ್ಲಗೆ ನಡೆದಳು. ಕುಂಚ ಎದ್ದಾಗ ಎಲ್ಲರ ಕೈ ಸಡಿಲ, ಇಳಿದಾಗ ಬಿಗಿ. ಒಂದು ಎಳೆಯೂ ಹರಿಯಲಿಲ್ಲ. ಬಿಸಿಲಿಗೆ ಹಾಸು ಗರಿಗರಿಯಾಗಿ ಒಣಗಿತು.

ತರಬೇತುದಾರ ಸಮೀರ ಅಂಕದ ಹಾಳೆ ಹಿಡಿದು ಬಂದ. “ಇಲ್ಲಿ ಲೀಡರ್ ಯಾರು? ಕೈ ಎತ್ತಿ.”

ಯಾರೂ ಬಡಿಗೆ ಬಿಡಲಿಲ್ಲ. ನಮ್ರತಾ ನಗುತ್ತ ಗದ್ದದಿಂದ ವೀರವ್ವನ ಕಡೆ ತೋರಿಸಿದಳು. ಉಳಿದ ಹನ್ನೊಂದು ಗದ್ದಗಳೂ ಅತ್ತಲೇ ತಿರುಗಿದವು.

“ಲೀಡರ್ ಗೀಡರ್ ಆಮ್ಯಾಲೆ. ನೀವೂ ಒಂದ್ ಕೈ ಹಚ್ಚಾಕ ಬರ್ರಿ,” ಎಂದಳು ವೀರವ್ವ. “ಹಾಸು ಮಗ್ಗಕ್ಕ ಏರಸೂಣು.”