ಅಣ್ಣ ಉಜ್ಜಿದ ದೀಪ

ಸಿಟ್ಟು ಬಂದರೆ ನನ್ನ ಬಾಯಿಗೆ ಬ್ರೇಕ್ ಇಲ್ಲ ಅಂತ ಅತ್ತಿಗೆ ಈ ಮನೆಗೆ ಬಂದ ವರ್ಷವೇ ಹೇಳಿದ್ದಳು. "ಊರ ಇಂಜಿನ್ನೆಲ್ಲ ರಿಪೇರಿ ಮಾಡ್ತೀಯ, ಇದನ್ನೂ ಒಂಚೂರು ನೋಡಿಕೋ" ಅಂದಿದ್ದಳು. ನಾನು ಮಾಡುವುದು ಇಂಜಿನ್ನಲ್ಲ, ಹಳೇ ಟ್ರ್ಯಾಕ್ಟರುಗಳ ಲೈಟು, ಡೈನಮೊ, ವೈರಿಂಗು. ಅಷ್ಟೂ ಗೊತ್ತಿಲ್ಲವಾ ಅಂತ ಅವಳ ಮೇಲೂ ರೇಗಿದ್ದೆ.

ಅಣ್ಣ ಮೂವತ್ತು ವರ್ಷ ಪಾಲಿಶ್ ಅಂಗಡಿಯಲ್ಲಿ ದುಡಿದವನು. ನಲ್ಲಿ, ಬಾಗಿಲ ಹಿಡಿ, ಹಿತ್ತಾಳೆ ಬೋರ್ಡು, ಏನು ಕೊಟ್ಟರೂ ಮುಖ ಕಾಣುವ ಹಾಗೆ ಉಜ್ಜಿ ಕೊಡುತ್ತಿದ್ದ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. "ವರ್ಷದೊಳಗೆ ಎಷ್ಟು ಬರುತ್ತೋ ಅಷ್ಟೇ. ಕೈಗೆ ಏನಾದರೂ ಕೆಲಸ ಕೊಡ್ತಾ ಇರಿ" ಅಂದರು ಡಾಕ್ಟರು. ಹಿಸುಕಲು ರಬ್ಬರ್ ಚೆಂಡು ತಂದುಕೊಟ್ಟೆವು. "ನಾನೇನು ಕೂಸೇನೋ" ಅಂತ ತೊದಲಿ, ಎಡಗೈಯಲ್ಲಿ ಅದನ್ನು ಬೀದಿಗೆ ಎಸೆದ. ಹತ್ತು ತಿಂಗಳು ಹೀಗೇ ಕಳೆಯಿತು. ದಿನಾ ಬೆಳಗ್ಗೆ ಅವನನ್ನು ನನ್ನ ಅಂಗಡಿಯ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಬಲಗೈ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ಹಳೇ ಟ್ರ್ಯಾಕ್ಟರು ಕೂಡಿಹಾಕುವ ಸಾಹುಕಾರನೊಬ್ಬ ಆಗ ಬಂದ. "ಮೇಸ್ತ್ರಿ, ನನ್ನದೊಂದು ಗಾಡಿಗೆ ಹಿಂಬದಿಗೆ ಹಾಕುವ ಉಳುಮೆ ದೀಪ ಬೇಕು. ಅಸಲಿ ಆಗಬೇಕು. ಹುಡುಕಿಕೊಟ್ಟರೆ ಶೆಡ್ಡಿನ ಅಷ್ಟೂ ಗಾಡಿಗಳ ಲೈಟಿನ ಕೆಲಸ ನಿಮಗೇ" ಅಂದ. ಈಗಿನ ಗಾಡಿಗಳ ದೀಪ ಕೆಟ್ಟರೆ ಬಿಚ್ಚಿ ಬಿಸಾಡುತ್ತಾರೆ. ನನ್ನ ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸವಾಗಿತ್ತು.

ಆರು ಗುಜರಿ ಅಂಗಡಿ ತಿರುಗಿದ ಮೇಲೆ ಒಂದು ಸಿಕ್ಕಿತು. ಯಾರೋ ಪುಣ್ಯಾತ್ಮ ಅದಕ್ಕೆ ಮೂರು ಸಲ ಹಸಿರು ಬಣ್ಣ ಬಳಿದಿದ್ದ. ಆದರೂ ಗುರುತು ಹಿಡಿದೆ. ಗಾಜಿನಲ್ಲಿ ಉದ್ದುದ್ದ ಗೀರುಗಳಿದ್ದವು, ಬೆಳಕು ದೂರ ಹೋಗದೆ ನೇಗಿಲಿನ ಅಕ್ಕಪಕ್ಕ ಚೆಲ್ಲಲಿ ಅಂತ. ಬೆನ್ನಿಗೆ ಪುಟ್ಟ ಸ್ವಿಚ್ಚು. ಅಂಚಿನ ಬಳೆಯ ಮೇಲೆ ಬಣ್ಣ ಕೆರೆದರೆ ಅಕ್ಕಿಕಾಳಿನಷ್ಟು ಸಣ್ಣ ಕಂಪನಿ ನಂಬರು, ಅಸಲಿ ಅನ್ನುವುದಕ್ಕೆ ಅದೇ ಸಾಕ್ಷಿ. ಒಳಗೆ ಬೆಳಕು ಹಿಂದಿರುಗಿಸುವ ಬಟ್ಟಲಿನ ಬೆಳ್ಳಿಯ ಲೇಪ ಹಾಗೇ ಇತ್ತು. ಬೆರಳು ಹಾಯಿಸಿದರೂ ಎದ್ದುಹೋಗುವಷ್ಟು ತೆಳು ಲೇಪ ಅದು.

"ಅಣ್ಣ, ಇದರ ಮೇಲಿನ ಬಣ್ಣ ಒಂದಿಷ್ಟು ತೆಗೆದಿಡು" ಅಂತ ಅವನ ಮುಂದಿಟ್ಟು, ಅದಕ್ಕೆ ಹೊಂದುವ ಆರು ವೋಲ್ಟಿನ ಬಲ್ಬು ಹುಡುಕಿಕೊಂಡು ಬೇರೆ ಊರಿಗೆ ಹೋದೆ. ಒಳಗೆ ಮುಟ್ಟಬೇಡ ಅನ್ನಲಿಲ್ಲ. ನನ್ನ ಕಸುಬಿನಲ್ಲಿ ಅದನ್ನು ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಅಣ್ಣನದು ಬೇರೆ ಕಸುಬು ಅನ್ನುವುದು ಹೊಳೆಯಲಿಲ್ಲ.

ನಾಲ್ಕನೇ ದಿನ ಬಂದಾಗ ಅತ್ತಿಗೆ ಅಂಗಡಿ ಬಾಗಿಲಲ್ಲೇ ಕಾಯುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು. "ಮಾತಾಡಬೇಡ, ಸುಮ್ಮನೆ ಒಳಗೆ ಹೋಗಿ ನೋಡು" ಅಂದಳು.

ನಾನು ನೋಡಿದ್ದು ದೀಪವನ್ನು. ಬಿಡಿಬಿಡಿಯಾಗಿ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಬಳೆ ಕನ್ನಡಿಯಂತೆ ಹೊಳೆಯುತ್ತಿತ್ತು, ನಂಬರು ಮಾಯ. ಬಟ್ಟಲಿನ ಬೆಳ್ಳಿ ಪೂರ್ತಿ ಹೋಗಿ ಹಿತ್ತಾಳೆ ಹಳದಿ ಹಲ್ಲು ಕಿರಿಯುತ್ತಿತ್ತು.

"ಮುಖ... ಕಾಣ್ತದೆ, ನೋಡೋ" ಅಂದ ಅಣ್ಣ.

"ಹಾಳುಮಾಡಿ ಇಟ್ಟೆಯಲ್ಲ. ಇದಕ್ಕಿಂತ ಆ ಕೈ ಸತ್ತುಬಿದ್ದಿದ್ದೇ ಒಳ್ಳೇದಿತ್ತು."

ಹೇಳಿ ಮುಗಿದ ಮೇಲೆ ಕಂಡಿತು. ಪಾಲಿಶ್ ಬಟ್ಟೆ ಇದ್ದದ್ದು ಅವನ ಬಲಗೈಯಲ್ಲಿ. ಬೆರಳು ನಾಲ್ಕೂ ಮಡಿಚಿ ಬಟ್ಟೆಯನ್ನು ಹಿಡಿದಿದ್ದವು. ಅವನು ಆ ಬೆರಳುಗಳನ್ನೇ ನೋಡಿದ. ಆಮೇಲೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿ, ಬಟ್ಟೆ ತೆಗೆದು, ಕೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ನಾಲ್ಕು ದಿನ ಊಟಕ್ಕೂ ಏಳಲಿಲ್ಲ ಕಣೋ ಅವರು" ಅಂದಳು ಅತ್ತಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದೀಪ ಜೋಡಿಸಿ ಸಾಹುಕಾರನ ಹತ್ತಿರ ಒಯ್ದೆ. ತಿರುಗಿಸಿ ತಿರುಗಿಸಿ ನೋಡಿದ. "ಅಂದವಾಗಿದೆ ಮೇಸ್ತ್ರಿ. ಆದರೆ ಅಸಲಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?" ಅಂದ. ನಾನು ವಾದಿಸಿದೆ, ದನಿ ಏರಿಸಿದೆ. ಕೆಲಸ ಬೇರೆಯವನಿಗೆ ಹೋಯಿತು. ದೀಪ ಈಗ ನನ್ನ ಮೇಜಿನ ಮೇಲೆ ತೂಗುತ್ತದೆ. ಬೆಳಕು ಮಂಕು, ಅದರಲ್ಲಿ ಸಣ್ಣ ಸ್ಕ್ರೂ ಹುಡುಕಲಿಕ್ಕೂ ಆಗುವುದಿಲ್ಲ.

ಅಣ್ಣನ ಕಾಲು ಹಿಡಿದೆ. "ತಪ್ಪಾಯ್ತು ಅಣ್ಣ, ನನ್ನ ನಾಲಿಗೆಗೆ ಬೆಂಕಿ ಬೀಳಲಿ."

"ಬಿಡೋ. ಚಿಕ್ಕವನಿದ್ದಾಗಿಂದ ಕೇಳ್ತಾ ಇದ್ದೀನಿ" ಅಂದ. ಅವನಿಗೆ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಲ್ಲೋ ಒಂದು ಆಸೆ ಇಟ್ಟುಕೊಳ್ಳಬಹುದಿತ್ತು.

ಗುಜರಿಯಿಂದ ಮತ್ತೆ ದೀಪಗಳನ್ನು ತಂದೆ, ತುಕ್ಕು ಹಿಡಿದವು, ನೆಗ್ಗಿದವು. ಎಷ್ಟು ಬೇಕಾದರೂ ಉಜ್ಜು, ಸವೆಸಿ ತೂತು ಮಾಡು ಅಂದೆ. ಕೈ ಏಳಲಿಲ್ಲ. ಅವನು ಹಟ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ನಾನು ಕಂಬದ ಮರೆಯಲ್ಲಿದ್ದೆ. ಅಣ್ಣ ಒಬ್ಬನೇ ಕುಳಿತು, ಹಲ್ಲು ಕಚ್ಚಿ, ಆ ಬೆರಳನ್ನು ಮಡಿಚಲು ನೋಡುತ್ತಿದ್ದ. ಹಣೆ ಬೆವರಿತ್ತು. ಬೆರಳು ಅಲ್ಲಾಡಲಿಲ್ಲ.

ವರ್ಷ ತುಂಬಿದ ವಾರ ಡಾಕ್ಟರು ಕೈಗೆ ಸೂಜಿ ಚುಚ್ಚಿ ನೋಡಿದರು. "ನಡುವೆ ಬೆರಳು ಹಿಡೀತಿತ್ತು ಅಂದಿದ್ದಿರಲ್ಲಮ್ಮ? ಯಾಕೆ ನಿಂತುಹೋಯ್ತು?"

ಅತ್ತಿಗೆ ನನ್ನತ್ತ ನೋಡಲಿಲ್ಲ. "ಗೊತ್ತಿಲ್ಲ ಡಾಕ್ಟರೇ" ಅಂದಳು.

"ಇನ್ನು ಆಸೆ ಇಟ್ಟುಕೊಳ್ಳಬೇಡಿ."

ಅಣ್ಣ ತಲೆಯಾಡಿಸಿದ. ನಾನು ಅವನ ಬಲಗೈಯನ್ನು ಎತ್ತಿ ಅಂಗಿಯ ತೋಳಿನೊಳಗೆ ತೂರಿಸಿ, ಗುಂಡಿ ಹಾಕಿದೆ.